ಶೈಲಾ ಹತ್ತಿಸಿದ ದಾರಿ

ಹದಿನಾರನೆಯ ಚಪಾತಿಯನ್ನು ಕಾವಲಿಯಿಂದ ಇಳಿಸಿ ತುಪ್ಪ ಸವರುತ್ತಿದ್ದಾಗ ಶೈಲಾಳ ಹೆಸರು ಊಟದ ಮೇಜಿನ ಕಡೆಯಿಂದ ಕೇಳಿಬಂತು.

ಅಲ್ಲಿ ಬೆಳಿಗ್ಗೆ ಆರಕ್ಕೇ ಮೂವರು ಗಂಡಸರು ಫೋನಿನ ನಕ್ಷೆ ಹಿಡಿದು, ಹೆಣ್ಣು ನೋಡಲು ಹೊರಟವರಂತೆ ಒಂದೊಂದು ದಾರಿಗೂ ಒಂದೊಂದು ಕೊಂಕು ತೆಗೆಯುತ್ತಿದ್ದರು. ಗಂಡ ಲೋಕೇಶ್, ಅವನ ಆಫೀಸಿನ ಸುಜಯ್, ಕೆಳಗಿನ ಮನೆಯ ಪುಟ್ಟಣ್ಣನವರು. ಮೂವರೂ ಈ ವರ್ಷ ಫೋರ್ ವೀಲ್ ಡ್ರೈವ್ ಜೀಪು ಕೊಂಡವರು. ಆದರೆ ಕುಂದಲಹಳ್ಳಿ ಸಿಗ್ನಲ್ ದಾಟಿಸಿ ಒಮ್ಮೆಯೂ ಅದನ್ನು ಮಣ್ಣಿಗಿಳಿಸಿದವರಲ್ಲ. ಹೊಸಬರಿಗೆ ತಕ್ಕಂಥ ಸುಲಭದ ಕಚ್ಚಾ ದಾರಿಯೊಂದನ್ನು ಇಂದು ಆರಿಸಬೇಕಿತ್ತು.

"ಮಾಲೂರು ಕಡೆ ಹಳೇ ಕಲ್ಲು ಕ್ವಾರಿ ದಾರಿ ಸುಲಭ ಅಂತಾರೆ ಸಾರ್. ಆದ್ರೆ ಗೊತ್ತಾಗೋದ್ ಹೆಂಗೆ?" ಎಂದ ಸುಜಯ್.

"ಮೊದ್ಲು ಶೈಲಾ ಹತ್ತಿಸ್ಲಿ. ಅವಳೇ ಹತ್ತಿಸಿದ್ರೆ ಯಾರ್ ಬೇಕಾದ್ರೂ ಹತ್ತಿಸ್ಬೋದು," ಎಂದ ಲೋಕೇಶ್.

ಮೂವರೂ ನಕ್ಕರು. ಶೈಲಾ ಮೂರು ತಿಂಗಳಿಂದ ಅಪಾರ್ಟ್‌ಮೆಂಟಿನ ಹಿಂದಿನ ಖಾಲಿ ಸೈಟಿನಲ್ಲಿ ಜೀಪನ್ನು ಗುಂಡಿಗಿಳಿಸಿ, ದಿಬ್ಬ ಹತ್ತಿಸಿ ಕಲಿತಿದ್ದಳು. ಹೊರಗೆ ಹೊರಟಾಗ ಮಾತ್ರ ಅವಳಿಗೆ ಎಡಗಡೆಯ ಸೀಟು, ತೊಡೆಯ ಮೇಲೆ ಬುತ್ತಿ.

"ಹತ್ತಿಸಿದ್ರೆ?" ಎಂದಳು ಅಡುಗೆಮನೆಯ ಬಾಗಿಲಿಂದ.

"ಒಂದ್ ಗೀರೂ ಬೀಳ್ದೆ ಹತ್ತಿಸಿದ್ರೆ ಮುಂದಿನ ಸಲದಿಂದ ಸ್ಟೇರಿಂಗ್ ನಿಂದೇ ಕಣೇ. ಪುಟ್ಟಣ್ಣೋರೇ ಸಾಕ್ಷಿ."

ಕ್ವಾರಿಯ ದಾರಿ ಅರ್ಧ ಹಲ್ಲುದುರಿದ ದವಡೆಯಂತಿತ್ತು. ಕೆಳಗೆ ಕೆಸರಿನ ಹೊಂಡ, ಆಮೇಲೆ ಕಡಿದಾದ ಏರು, ಏರಿನ ತುಂಬ ಕಲ್ಲು. ಗಂಡಸರು ಮರದ ನೆರಳು ಹಿಡಿದರು. ಶೈಲಾ ಒಬ್ಬಳೇ ಕೂತು, ತೀರಾ ಕೆಳಗಿನ ಗೇರಿಗೆ ಹಾಕಿ, ಹಾಲು ಉಕ್ಕದ ಹಾಗೆ ಉರಿ ನೋಡಿಕೊಳ್ಳುವವಳಂತೆ ಆಕ್ಸಿಲರೇಟರಿನ ಮೇಲೆ ಪಾದವಿಟ್ಟಳು. ಜೀಪು ಕೆಸರು ದಾಟಿತು. ತುಂಬಿದ ಬಸುರಿಯ ಜೋಪಾನದಲ್ಲಿ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ನೆತ್ತಿ ಮುಟ್ಟಿತು. ಇಳಿದು ನಿಂತು, ಖುಷಿಯಿಂದ ಸುತ್ತ ನಾಲ್ಕೂ ಕಡೆ ನೋಡಿದಳು.

"ಏನೂ ಇಲ್ಲ, ಬನ್ನಿ ಬನ್ನಿ! ಸಿಕ್ಕಾಪಟ್ಟೆ ಸುಲಭ!" ಕೆಳಗೆ ಲೋಕೇಶ್ ಕೂಗುತ್ತಿದ್ದ.

ಸುಜಯ್ ಬಲವಾಗಿ ಆಕ್ಸಿಲರೇಟರ್ ತುಳಿದ. ಅವನ ಜೀಪು ಚಕ್ರ ಮುಳುಗುವಷ್ಟು ಹೂತಿತು. ಎಳೆಯಲು ಬಂದ ಪುಟ್ಟಣ್ಣನವರದೂ ಪಕ್ಕದಲ್ಲೇ ಹೂತಿತು, ಮಡುವಿನಲ್ಲಿ ಜೋಡಿ ಎಮ್ಮೆಗಳ ಹಾಗೆ. ಹಿಂದಿನಿಂದ ನೂಕಿದ ಲೋಕೇಶ್ ಕೆಸರು ಮೆತ್ತಿಕೊಂಡು, ಕಣ್ಣು ಬಿಡಿಸುವುದೊಂದು ಬಾಕಿಯಿದ್ದ ಮಣ್ಣಿನ ಗಣಪನಂತಾದ.

"ಸುಲಭ ಅಂತ ಯಾಕ್ ಮೇಡಂ ಹೇಳಿದ್ರಿ?" ಸುಜಯನದು ಅಳುಮುಖ.

"ನಾನೆಲ್ಲಿ ಹೇಳ್ದೆ?" ಎಂದಳು, ನಡೆದು ಇಳಿದು ಬಂದ ಶೈಲಾ.

ಗದ್ದಲ ಕೇಳಿ ಪಕ್ಕದ ಹೊಲದಿಂದ ಚಿಕ್ಕಮುನಿಯಮ್ಮ ಎಂಬ ಮುದುಕಿ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದಳು.

"ಲಾರಿಯೋರೇ ಬಿಟ್ಟೋದ ದಾರಿ ಕಣ್ರಪ್ಪಾ ಇದು!" ಎನ್ನುತ್ತಲೇ ಹಗ್ಗ ಕಟ್ಟಿ ಎರಡನ್ನೂ ಎಳೆದು ಹಾಕಿದಳು. ಆಮೇಲೆ ಮೇಲೆ ನೋಡಿದಳು. "ಆ ಜೀಪು ಯಾರು ಅತ್ತಿಸಿದ್ದು? ಅವ್ರು ಕಣಪ್ಪ ಡ್ರೈವರ್ ಅಂದ್ರೆ!"

ಶೈಲಾ ಬಾಯಿ ತೆರೆದಳು.

"ನಾನೇ ಕಣಮ್ಮಾ," ಎಂದ ಲೋಕೇಶ್.

ಸುಜಯ್ ತಲೆಯಾಡಿಸಿದ. ಪುಟ್ಟಣ್ಣನವರು ಕೆಮ್ಮಿ, "ಹೌದೌದು, ಅವ್ರೇ," ಎಂದರು.

ಶೈಲಾ ಮುದುಕಿಯ ಹಗ್ಗ ಸುತ್ತಿ ಟ್ರ್ಯಾಕ್ಟರಿಗೆ ಹಾಕಿದಳು. 'ನಾನು' ಎಂಬ ಒಂದು ಮಾತು ಸಾಕಿತ್ತು. ಇಪ್ಪತ್ತೆರಡು ವರ್ಷದ ಸಂಸಾರದ ರೂಢಿ ಅದನ್ನು ಆಡಗೊಡಲಿಲ್ಲ.

"ಅಂಗಾದ್ರೆ ಇಳಿಸಿ ಸಾಮಿ, ನೋಡಾನ," ಎಂದು ಮುದುಕಿ ಕೈಕಟ್ಟಿ ನಿಂತಳು.

ಲೋಕೇಶ್ ಏರನ್ನು ನೋಡಿದ, ಹೆಂಡತಿಯನ್ನು ನೋಡಿದ. "ಶೈಲಾ, ಸೊಂಟ ಹಿಡ್ಕೊಂಡ್ಬಿಡ್ತು ಕಣೇ. ನೀನೇ ಇಳಿಸ್ಬಿಡು."

ಒಂದು ಗೀರೂ ಬೀಳದೆ ಅವಳು ಇಳಿಸಿದಳು.

"ಇಳಿಸೋದೇನ್ ಬಿಡಿ," ಎಂದರು ಪುಟ್ಟಣ್ಣನವರು. "ಬ್ರೇಕ್ ಒತ್ಕೊಂಡಿದ್ರೆ ಆಯ್ತು."

ಊಟಕ್ಕೆ ಕೂತಾಗ ತೀರ್ಮಾನವಾಯಿತು. "ಹೆಂಗಸರ ಕೈಲಿ ದಾರಿ ನೋಡಿಸ್ಬಾರ್ದಪ್ಪ," ಎಂದ ಲೋಕೇಶ್. "ಅವ್ರು ಹತ್ತಿಸ್ಬಿಡ್ತಾರೆ, ನಾವು ಸುಲಭ ಅಂದ್ಕೊಂಡ್ಬಿಡ್ತೀವಿ. ಮುಂದಿನ ಸಲ ನಾನೇ ಓಡಿಸ್ತೀನಿ ಕಣೇ. ನಿಂಗ್ಯಾಕ್ ರಿಸ್ಕು?"

"ಮೇಲಿಂದ ಬೇರೆ ಸುಲಭದ ದಾರಿ ಏನಾದ್ರೂ ಕಾಣಿಸ್ತಾ ಮೇಡಂ?" ಸುಜಯ್ ಕೇಳಿದ.

ಕಂಡಿತ್ತು. ಗುಡ್ಡದ ಆಚೆ ಬದಿಗೆ, ಹೊಂಗೆ ಮರಗಳ ನಡುವೆ, ಕೆರೆಯ ಏರಿಯವರೆಗೆ ಸಾಗಿದ ಅಗಲವಾದ ಕೆಮ್ಮಣ್ಣಿನ ದಾರಿ. ಕಲ್ಲಿಲ್ಲ, ಕೆಸರಿಲ್ಲ; ನಿನ್ನೆ ಕಲಿತವರೂ ಓಡಿಸಬಹುದು.

"ಇಲ್ವಲ್ಲ," ಎಂದಳು ಶೈಲಾ.

ಬುತ್ತಿ ಮುಚ್ಚುತ್ತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗುರುವಾರ ಕಂಪನಿಯ ಬಸ್ಸು ಲೋಕೇಶನನ್ನು ಬೆಳಿಗ್ಗೆ ಏಳಕ್ಕೆ ಕರೆದೊಯ್ದರೆ ಮರಳಿ ತಂದು ಬಿಡುವುದು ಸಂಜೆ ಏಳಕ್ಕೇ. ಜೀಪು ನೆಲಮಾಳಿಗೆಯಲ್ಲಿ ಸುಮ್ಮನೆ ನಿಂತಿರುತ್ತದೆ. ಒಬ್ಬಳೇ ಕೆರೆಯವರೆಗೆ ಓಡಿಸಿಕೊಂಡು ಹೋಗಿ, ಏರಿಯ ಮೇಲೆ ಸ್ವಲ್ಪ ಹೊತ್ತು ಕೂತು ಬರಲು ಅಷ್ಟು ಸಮಯ ಧಾರಾಳವಾಯಿತು.