ಎಡಗಡೆಯ ಸೀಟು

ಮನೆ ಎಂದಮೇಲೆ ಅಲ್ಲಿರುವ ಪ್ರತಿಯೊಬ್ಬರಿಗೂ ಕೂರಲು ಒಂದು ಜಾಗ ಇರುತ್ತದೆ. ಯಾರೂ ಬರೆದುಕೊಟ್ಟದ್ದಲ್ಲ, ಆದರೂ ಯಾರೂ ಅದನ್ನು ಕಸಿದುಕೊಳ್ಳುವುದಿಲ್ಲ. ನಮ್ಮ ತಂದೆ ದಲಾಲಿ ಅಂಗಡಿಯ ಗಾದಿಯ ಮೇಲೆ ಗೋಡೆಗೆ ಬೆನ್ನು ತಾಗಿಸಿ ಕೂರುತ್ತಿದ್ದರು. ಅವರು ಪರಊರಿಗೆ ಹೋದ ದಿನವೂ ಆ ಜಾಗ ಖಾಲಿಯೇ ಇರುತ್ತಿತ್ತು. ತಾಯಿಯದು ಅಡುಗೆಮನೆಯ ಹೊಸ್ತಿಲ ಪಕ್ಕ. ನಿನ್ನ ಜಾಗ ಯಾವುದು ಎಂದು ಹೋದ ವರ್ಷದವರೆಗೆ ಯಾರಾದರೂ ನನ್ನನ್ನು ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಅದು ಹೋದಮೇಲೆ ಗೊತ್ತಾಯಿತು. ನನ್ನ ಜಾಗ ನಮ್ಮ ಕಾರಿನ ಮುಂದಿನ ಎಡಗಡೆಯ ಸೀಟು. ಅದನ್ನು ನನ್ನ ಹೆಂಡತಿಯ ತಮ್ಮ ಈರಣ್ಣ ಬೋಲ್ಟು ಬಿಚ್ಚಿ, ಎತ್ತಿ, ತನ್ನ ಗ್ಯಾರೇಜಿನ ಮೂಲೆಯಲ್ಲಿ ಹಳೆ ಟೈರುಗಳ ಮೇಲೆ ಇಟ್ಟ. ನನ್ನ ಕಣ್ಣೆದುರೇ ಇಟ್ಟ. ನಾನು ನೋಡುತ್ತ ನಿಂತಿದ್ದೆ.

ನೋಡುತ್ತ ನಿಲ್ಲುವುದು ನನ್ನ ಉದ್ಯೋಗವೂ ಹೌದು. ಅಪಘಾತವಾದ ವಾಹನಗಳನ್ನು ವಿಮೆಯ ಸಲುವಾಗಿ ಪರೀಕ್ಷೆ ಮಾಡುವ ಸರ್ವೇಯರ್ ನಾನು. ಬೈಲಹೊಂಗಲದಲ್ಲಿ ಮನೆ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿ ಯಾವ ಗಾಡಿ ಯಾವುದಕ್ಕೆ ಬಡಿದರೂ ನನಗೆ ಫೋನು ಬರುತ್ತದೆ. ಹೋಗುತ್ತೇನೆ, ನಿಧಾನವಾಗಿ ಸುತ್ತು ಹಾಕುತ್ತೇನೆ, ಬಾಗಿದ್ದನ್ನು ಬಾಗಿದೆ ಎಂದೂ ಒಡೆದದ್ದನ್ನು ಒಡೆದಿದೆ ಎಂದೂ ಹೇಳುತ್ತೇನೆ. ವರ್ಷಗಟ್ಟಲೆ ಇದನ್ನೇ ನೋಡಿದ ಕಣ್ಣು ಒಂದು ರೀತಿ ಕೆಟ್ಟುಹೋಗುತ್ತದೆ. ನಾನು ಸ್ಟಿಯರಿಂಗ್ ಹಿಡಿದರೆ ಎದುರಿಗೆ ಬರುವ ಲಾರಿ ನನಗೆ ಲಾರಿಯಾಗಿ ಕಾಣುವುದಿಲ್ಲ. ನಮ್ಮ ಬಾನೆಟ್ಟು, ರೇಡಿಯೇಟರು, ಬಲಗಡೆಯ ಹೆಡ್‌ಲೈಟು ಎಂಬ ಸಾಲು ಸಾಲು ನಷ್ಟಗಳಾಗಿ ಕಾಣುತ್ತದೆ. ಹೀಗಾಗಿ ಕಾರು ಕೊಂಡ ಹೊಸದರಲ್ಲೇ ಕೀಲಿಕೈಯನ್ನು ಹೆಂಡತಿಗೆ ಕೊಟ್ಟು ಆಚೆ ಬದಿಯಿಂದ ಹತ್ತಿ ಕುಳಿತೆ.

ಅವಳ ಹೆಸರು ಸುವರ್ಣಾ. ಚಚಡಿಯವಳು. ಲಂಗ ಉಡುವ ವಯಸ್ಸಿನಲ್ಲೇ ಎರೆಹೊಲದಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿದವಳು. ನನ್ನನ್ನು ಪ್ರತಿ ಅಪಘಾತದ ಜಾಗಕ್ಕೂ ಅವಳೇ ಕರೆದುಕೊಂಡು ಹೋಗುತ್ತಿದ್ದಳು. ನಾನು ಮುರಿದ ಗಾಡಿಯನ್ನು ನೋಡುವಷ್ಟು ಹೊತ್ತು ಅವಳು ಬೇವಿನ ಮರದ ಕೆಳಗೆ ಕುಳಿತು ಸೊಪ್ಪು ಸೋಸುತ್ತಿದ್ದಳು. ಹೋಗುವಾಗ ಬರುವಾಗ ನಾನು ಶೇಂಗಾ ಸುಲಿದು ಅವಳ ಬಾಯಿಯ ಹತ್ತಿರ ಹಿಡಿಯುತ್ತಿದ್ದೆ; ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಬಾಯಿ ತೆರೆಯುತ್ತಿದ್ದಳು. ಮನೆಯಲ್ಲಿ ನಾವು ಮಾತಾಡುವುದು ಹಾಲು, ಗ್ಯಾಸು, ನಳದ ನೀರು ಇಷ್ಟೇ. ಉಳಿದ ಮಾತೆಲ್ಲ ಆಗಿದ್ದು ಕಾರಿನಲ್ಲಿ. ಮಗಳಿಗೆ ಯಾವ ಮನೆ ನೋಡಬೇಕು, ತಾಯಿಯ ಕಣ್ಣಿನ ಆಪರೇಷನ್ ಯಾವಾಗ ಮಾಡಿಸಬೇಕು, ಹೂಲಿಯ ಗುಡಿಯ ಕಲ್ಲಿನ ಮೇಲೆ ಒಂದು ಸಂಜೆ ಸುಮ್ಮನೆ ಹೋಗಿ ಕೂತು ಬರೋಣವೇ, ಎಲ್ಲವೂ ಅಲ್ಲೇ ತೀರ್ಮಾನ. ನಾನು ಕಂಡ ಸುವರ್ಣಾ ಎಂದರೆ ಮುಖ್ಯವಾಗಿ ಅವಳ ಎಡಗೆನ್ನೆ ಮತ್ತು ಎಡಗಿವಿಯ ಬೆಂಡೋಲೆ. ಬಲಗಡೆಯ ಬಗ್ಗೆ ನಾನು ಖಚಿತವಾಗಿ ಏನನ್ನೂ ಹೇಳಲಾರೆ.

ಆ ಸೀಟಿನಲ್ಲಿ ನನಗೊಂದು ರೂಢಿ ಇತ್ತು. ತಿರುವು ಹತ್ತಿರ ಬಂದಾಗ "ಸುವರ್ಣಾ!" ಎಂದು ಒದರುತ್ತಿದ್ದೆ. ಬೇಕೆಂದು ಒದರುವುದಲ್ಲ; ತಿರುವು ಒಂದು ಅಳತೆಗೆ ಬಂದಾಗ ತಾನೇ ಬರುತ್ತಿತ್ತು. ಅವಳು ಒಮ್ಮೆಯೂ ಉತ್ತರ ಕೊಟ್ಟದ್ದಿಲ್ಲ. ಕೇಳಿಸುವುದೇ ಇಲ್ಲವೇನೋ ಎಂದುಕೊಂಡಿದ್ದೆ.

ತೊಂದರೆ ಶುರುವಾದದ್ದು ಒಂದು ಸಕ್ಕರೆ ಕಾರ್ಖಾನೆಯ ಅಂಗಳದಿಂದ. ಹಂಗಾಮು ಮುಗಿದಮೇಲೆ ಕಬ್ಬಿನ ಗಾಡಿಗಳು ಸಾಲುಗಟ್ಟುವ ಆ ದೊಡ್ಡ ಅಂಗಳ ಮತ್ತು ಒಳಗಿನ ರಸ್ತೆಗಳು ಖಾಲಿ ಬಿದ್ದಿರುತ್ತವೆ. ಕಾರಿನ ಹುಚ್ಚಿರುವ ಒಂದಿಷ್ಟು ಹುಡುಗರು ಕ್ಲಬ್ಬು ಮಾಡಿಕೊಂಡು, ಅಪ್ಪಣೆ ಪಡೆದು, ಅಲ್ಲಿ ಕೆಂಪು ಶಂಕುಗಳನ್ನಿಟ್ಟು ರೇಸು ನಡೆಸುತ್ತಾರೆ. ಒಂದೊಂದೇ ಕಾರು ಬಿಡುವುದು, ಗಡಿಯಾರ ಹಿಡಿಯುವುದು. ಈರಣ್ಣ ಒಂದು ಭಾನುವಾರ ಅಕ್ಕನನ್ನು ನೋಡಲು ಕರೆದುಕೊಂಡು ಹೋದ. ಬಂದವಳು ಊಟ ಮುಗಿಸಿದಳು. ಕೈ ತೊಳೆದುಕೊಂಡು ಹೇಳಿದಳು:

"ನಾನೂ ಓಡಸತೇನ್ರಿ."

"ಏನ ಓಡಸತಿ?"

"ಕಾರ್ ರೀ. ರೇಸಿನ್ಯಾಗ."

"ಯಾರ ಕಾರು?"

"ನಮ್ದ. ಮತ್ಯಾರ್ದು?"

"ನಿನ್ನೆ ಅದರಾಗ ಜ್ವಾಳದ ಚೀಲಾ ಹಾಕ್ಕೊಂಡ ಬಂದೇವಿ."

"ಜ್ವಾಳಾ ತಂದ ಕಾರು ರೇಸಿಗೆ ಬರಬಾರ್ದಂತ ಬರದಾರೇನು?"

ಬರೆದಿಲ್ಲ ಎಂಬುದನ್ನು ನಾನು ಒಪ್ಪಲೇಬೇಕಾಯಿತು.

ಮೊದಲ ಭಾನುವಾರದ ಅಭ್ಯಾಸಕ್ಕೆ ನಾನೂ ಹೆಲ್ಮೆಟ್ ಹಾಕಿಕೊಂಡು ಪಕ್ಕದಲ್ಲಿ ಕುಳಿತೆ. ಅಭ್ಯಾಸದಲ್ಲಿ ಒಬ್ಬರು ಜೊತೆಗೆ ಕೂರಬಹುದು, ರೇಸಿನಲ್ಲಿ ಮಾತ್ರ ಇಲ್ಲ. ಅಂಗಳದ ಕೊನೆಯಲ್ಲಿ ಕಾಕಂಬಿ ತುಂಬುವ ದೊಡ್ಡ ಟಾಕಿ ಇದೆ. ಅದರ ಮುಂದೆ ಎಡಕ್ಕೆ ತಿರುಗಬೇಕು. ಸುವರ್ಣಾ ಸ್ಟಿಯರಿಂಗನ್ನು ಎಡಕ್ಕೆ ತಿರುವಿದಳು. ನಾನು ಕಂಡಂತೆ ಗಾಲಿಗಳೂ ಎಡಕ್ಕೆ ತಿರುಗಿದವು. ಕಾರು ಮಾತ್ರ ಕೀರಲು ದನಿಯಲ್ಲಿ ಅಳುತ್ತ ನೇರವಾಗಿ ಟಾಕಿಯ ಕಡೆಗೇ ಹೊರಟಿತು. ನಾನು ಒದರಿದೆ. ಕಾರು ನಿಂತಾಗ ಟಾಕಿಗೂ ನಮಗೂ ನಡುವೆ ಒಂದು ಎತ್ತಿನ ಗಾಡಿ ದಾಟುವಷ್ಟು ಜಾಗ ಉಳಿದಿತ್ತು. ಇಳಿದವನೇ ರೂಢಿಯಂತೆ ಬಾನೆಟ್ಟಿನಿಂದ ಶುರುಮಾಡಿ ಕಾರಿಗೆ ಒಂದು ಸುತ್ತು ಹಾಕಿದೆ. ಸುವರ್ಣಾ ನಗುತ್ತಿದ್ದಳು. ಆ ನಗುವನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಮುಂದೆ ಆದದ್ದಕ್ಕೆಲ್ಲ ನಾನು ಗಟ್ಟಿಯಾಗಿ ಬೇಡ ಎನ್ನದೆ ಉಳಿದದ್ದು ಅದರಿಂದಲೇ.

ಈರಣ್ಣ ಸೋಮವಾರದಿಂದಲೇ ಕಾರನ್ನು ಗ್ಯಾರೇಜಿಗೆ ಎಳೆದುಕೊಂಡ. ಅವನ ವಿದ್ಯೆ ಅರ್ಧ ಕೈಯದು, ಅರ್ಧ ಮೊಬೈಲಿನದು, ಮಾತು ಮಾತ್ರ ಪೂರ್ತಿ ತನ್ನದೇ.

"ಮಾಮಾ, ಇಲ್ನೋಡ್ರಿ. ಇದರಾಗ ಎಂಜಿನ್ನಿನ ಶಕ್ತಿ ಹೋಗೂದು ಮುಂದಿನ ಗಾಲಿಗೆ. ಎಳಿಯಾವೂ ಅವ, ತಿರಗಾವೂ ಅವ, ಬ್ರೇಕಿನ ಭಾರಾ ಹೊರಾವೂ ಅವ. ಹಿಂದಿನ ಗಾಲಿ ಅಂದ್ರ ಬೀಗರಿದ್ದಂಗ. ಸುಮ್ಮ ಕುಂತ ಬರತಾವು. ಅದಕ್ಕ ಮುಂದಿನವು ಬ್ಯಾಸತ್ತು ಸೀದಾ ಹೊಂಟಬಿಡತಾವು. ಈಗ ನಾವು ಬೀಗರಿಗೂ ಕೆಲಸಾ ಹಚ್ಚಬೇಕು."

"ಬೀಗರಿಗೆ ಕೆಲಸಾ ಹಚ್ಚಿದ್ರ ಎದ್ದ ಹೋಗತಾರೋ ಈರಣ್ಣಾ" ಎಂದಳು ಸುವರ್ಣಾ.

"ಎದ್ದ ಹೋಗಬೇಕಕ್ಕಾ! ತಿರುವಿನ್ಯಾಗ ಒಳಗಿನ ಬದಿ ಹಿಂದಿನ ಗಾಲಿ ನೆಲಾ ಬಿಟ್ಟ ಎದ್ದಿತಂದ್ರ ಸೆಟ್ಟಿಂಗ್ ಬರೋಬರಿ ಆತಂತ ತಿಳಕೊ."

ಗಾಲಿ ನೆಲ ಬಿಟ್ಟ ಗಾಡಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅವುಗಳನ್ನು ಬರೋಬರಿ ಎಂದು ಯಾರೂ ಕರೆದಿರಲಿಲ್ಲ. ಆದರೂ ಸುಮ್ಮನೆ ನೋಡಿದೆ. ಈರಣ್ಣ ಹಿಂದಿನ ಎರಡೂ ಗಾಲಿಗಳ ನಡುವೆ ಒಂದು ದಪ್ಪ ಉಕ್ಕಿನ ಸರಳು ಕೂಡಿಸಿ ಹಿಂಭಾಗವನ್ನು ಬಿಗಿ ಮಾಡಿದ. ಮುಂದಿನ ಗಾಲಿಗಳ ತಲೆಯನ್ನು ತುಸು ಒಳಕ್ಕೆ ವಾಲಿಸಿದ, ಅವುಗಳ ಮುಂದಂಚನ್ನು ಕೂದಲೆಳೆಯಷ್ಟು ಹೊರಕ್ಕೆ ಬಿಡಿಸಿದ. ಆ ಕೂದಲೆಳೆಯನ್ನು ಅಳೆದದ್ದು ಅರಳೆ ಚೀಲ ಹೊಲಿಯುವ ಸುತಳಿಯಿಂದ: ಕಾರಿನ ಎರಡೂ ಬದಿಗೆ ಉದ್ದಕ್ಕೆ ಬಿಗಿಯಾಗಿ ಕಟ್ಟಿ, ಗಾಲಿಯ ಮುಂದಂಚು ಹಿಂದಂಚು ಎರಡರಿಂದಲೂ ಸುತಳಿ ಎಷ್ಟು ದೂರ ಎಂದು ನೋಡುವುದು. ಇದು ನನಗೆ ಒಗ್ಗುವ ಕೆಲಸವಾದ್ದರಿಂದ ಸ್ಕೇಲು ಹಿಡಿದು ನಾನೂ ಕುಕ್ಕರಗಾಲಲ್ಲಿ ಕುಳಿತೆ.

ಟೈರಿನ ಗಾಳಿಯದು ಇನ್ನೊಂದು ಪರೀಕ್ಷೆ. ಟೈರಿನ ಅಂಚಿಗೆ ಬಿಳಿ ಗೆರೆ ಎಳೆದು ಓಡಿಸಬೇಕು. ಗೆರೆ ಎಷ್ಟು ಅಳಿಸಿತೋ ತಿರುವಿನಲ್ಲಿ ಟೈರು ಅಷ್ಟು ಮಗ್ಗುಲಿಗೆ ಮಡಚಿದೆ ಎಂದು ಅರ್ಥ, ಇನ್ನಷ್ಟು ಗಾಳಿ ಹಾಕಬೇಕು. ಅಂದು ಸೀಮೆಸುಣ್ಣ ಸಿಗಲಿಲ್ಲ. ಸುವರ್ಣಾ ಪರ್ಸಿನಿಂದ ವಿಭೂತಿ ಗಟ್ಟಿ ತೆಗೆದು ನಾಲ್ಕೂ ಟೈರಿನ ಅಂಚಿಗೆ ಮೂರು ಮೂರು ಗೆರೆ ಎಳೆದಳು. ಕ್ಲಬ್ಬಿನ ಹುಡುಗರು ಪೂಜೆ ಎಂದು ತಿಳಿದು ಚಪ್ಪಲಿ ಬಿಟ್ಟು ನಿಂತರು. "ಎರಡೂ ಆತು" ಎಂದಳು ಅವಳು. ಆ ದಿನ ಮುಂದಿನ ಗಾಲಿಗಳ ವಿಭೂತಿ ಪೂರ್ತಿ ಅಳಿಸಿತ್ತು. ಹಿಂದಿನವು ಮಡಿವಂತರಂತೆ ಹಾಗೇ ಇದ್ದವು.

ಇಲ್ಲಿಗೆ ಮುಗಿದಿದ್ದರೆ ಈ ಪ್ರಬಂಧ ಬರೆಯುವ ಕಾರಣವಿರಲಿಲ್ಲ. ಕಾರನ್ನು ಹಗುರ ಮಾಡಬೇಕೆಂದು ಈರಣ್ಣನಿಗೆ ಹೊಳೆಯಿತು. ಹಿಂದಿನ ಸೀಟು ಹೋಯಿತು, ಸ್ಟೆಪ್ನಿ ಹೋಯಿತು, ಚಾಪೆಗಳು ಹೋದವು, ನಾನು ತಿರುವಿನಲ್ಲಿ ಜೋತುಬೀಳುತ್ತಿದ್ದ ಕಿಟಕಿಯ ಮೇಲಿನ ಹಿಡಿಕೆ ಹೋಯಿತು. ಕಡೆಗೆ ನನ್ನ ಸೀಟು. ಆಮೇಲೆ ನಮ್ಮ ತಂದೆಯ ದಲಾಲಿ ಅಂಗಡಿಯಿಂದ ನಾಲ್ಕು ತೂಕದ ಕಾಟಾ ತಂದು, ಒಂದೊಂದು ಗಾಲಿಯ ಕೆಳಗೆ ಒಂದೊಂದು ಇಟ್ಟು, ಸುವರ್ಣಾಳನ್ನು ಒಳಗೆ ಕೂರಿಸಿ ತೂಕ ನೋಡಿದ. ಹತ್ತಿ, ಶೇಂಗಾ ತೂಗಿದ ಕಾಟಾಗಳ ಮೇಲೆ ನನ್ನ ಸಂಸಾರ ನಿಂತಿತ್ತು. ಉತ್ಸಾಹದಲ್ಲಿ ಅವನು ಜಾಸ್ತಿಯೇ ಬಿಚ್ಚಿದ್ದ: ಕ್ಲಬ್ಬಿನ ನಿಯಮದ ಪ್ರಕಾರ ಕಾರು ಎಷ್ಟು ಭಾರ ಇರಲೇಬೇಕೋ ಅದಕ್ಕಿಂತ ಕಡಿಮೆ ಬಂತು. ಅದರಲ್ಲೂ ಮುಂದಿನ ಎಡಗಡೆ ತೀರ ಹಗುರ.

ನನಗೆ ಒಳಗೊಳಗೇ ಸಂತೋಷವಾಯಿತು. "ಹಂಗಾದ್ರ ನನ್ನ ಸೀಟ ವಾಪಸ್ ಹಾಕಪಾ."

"ಸೀಟಿನ ಭಾರಾ ಮ್ಯಾಲ ಇರತೈತ್ರಿ ಮಾಮಾ. ನಮಗ ಕೆಳಗ ಬೇಕು, ನೆಲಕ್ಕ ಹತ್ತಿದಂಗ. ನಿಮ್ಮ ತೂಕಾ ಎಷ್ಟ್ರಿ?"

ಹೇಳಿದೆ. ಅವನು ನಮ್ಮ ಅಪ್ಪನ ಅಂಗಡಿಯ ಹಳೆಯ ಕಬ್ಬಿಣದ ತೂಕದ ಕಲ್ಲುಗಳನ್ನು ತಂದು, ಹೆಚ್ಚು ಕಡಿಮೆ ನನ್ನಷ್ಟೇ ಭಾರ ಕೂಡಿಸಿ, ನನ್ನ ಸೀಟಿನ ಬೋಲ್ಟುಗಳು ಇದ್ದ ಜಾಗದಲ್ಲೇ ಪಟ್ಟಿ ಹಾಕಿ ಬಿಗಿದ. "ನಿಮಗಿಂತ ಚಲೋ ಐತ್ರಿ. ತಿರುವಿನ್ಯಾಗ ವಾಲೂದಿಲ್ಲ, ಒದರೂದಿಲ್ಲ."

ಸುವರ್ಣಾ ನಕ್ಕಳು. ನಾನೂ ನಕ್ಕೆ. ನಗುವಾಗ ಕಲ್ಲುಗಳ ಕಡೆಗೆ ನೋಡಿದೆ. ಅವುಗಳ ಮೇಲೆ ಅಪ್ಪನ ಬೆರಳು ಸವೆಸಿದ ಹೊಳಪು ಇನ್ನೂ ಇತ್ತು.

ಆ ದಿನದಿಂದ ನಾನು ಕೆಲಸಕ್ಕೆ ಬಸ್ಸಿನಲ್ಲಿ ಹೋಗತೊಡಗಿದೆ. ಬಸ್ಸಿನಲ್ಲೂ ಶೇಂಗಾ ಸುಲಿಯುತ್ತೇನೆ. ಸವದತ್ತಿ ದಾಟುವಷ್ಟರಲ್ಲಿ ಅಂಗೈಯಲ್ಲಿ ಇಬ್ಬರಿಗಾಗುವಷ್ಟು ಕಾಳು ಸೇರಿರುತ್ತವೆ. ಒಮ್ಮೆ ರಾಮದುರ್ಗದ ರಸ್ತೆಯ ತಿರುವಿನಲ್ಲಿ ರೂಢಿಯಂತೆ "ಸುವರ್ಣಾ!" ಎಂದುಬಿಟ್ಟೆ. ಮುಂದಿನ ಸೀಟಿನ ಹೆಣ್ಣುಮಗಳು ತಿರುಗಿ, "ನನ್ನ ಹೆಸರು ಮಾದೇವಿ ಐತ್ರೀ ಯಣ್ಣಾ" ಎಂದಳು. ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಬೇಕೆಂದುಕೊಂಡೆ. ಆದರೆ ಮನೆಯಲ್ಲಿ ಎಂಥ ಸಂದರ್ಭದಲ್ಲಿ ಇಂಥ ಮಾತು ತೆಗೆಯುತ್ತಾರೋ ನನಗೆ ಗೊತ್ತಿರಲಿಲ್ಲ. ಗ್ಯಾಸು ಬಂತೇ ಎಂದು ಕೇಳಿದೆ.

ರೇಸಿನ ಲೆಕ್ಕ ಇಷ್ಟು: ಮೂರು ಸಲ ಓಡಬೇಕು, ಒಳ್ಳೆಯ ಸಮಯ ಒಂದನ್ನು ಹಿಡಿಯುತ್ತಾರೆ, ಮೊದಲ ಮೂವರು ಮುಂದಿನ ಸುತ್ತಿಗೆ. ಸುವರ್ಣಾ ಸೋತರೆ ಮರುದಿನವೇ ನನ್ನ ಸೀಟು ಕಾರಿಗೆ. ಗೆದ್ದರೆ ಮತ್ತೆ ಕಬ್ಬಿನ ಹಂಗಾಮು ಬಂದು ಅಂಗಳ ತುಂಬುವವರೆಗೂ ಅದು ಹಳೆ ಟೈರುಗಳ ಮೇಲೆ. ಹೆಂಡತಿ ಗೆಲ್ಲಬೇಕೆಂದು ಬಯಸದ ಗಂಡ ನಾನಲ್ಲ. ಆದರೆ ರೇಸಿನ ದಿನ ಬೆಳಿಗ್ಗೆ ಈರಣ್ಣನ ಪಿಕಪ್ಪಿಗೆ ನನ್ನ ಸೀಟನ್ನು ಹೇರಿಸಿ ಹಗ್ಗ ಕಟ್ಟಿಸಿದವನು ನಾನೇ. "ಬೇಕಾದ್ರ ಇರ್ಲಿ" ಎಂದೆ. ಯಾಕೆ ಬೇಕಾಗುತ್ತದೆ ಎಂದು ಯಾರೂ ಕೇಳಲಿಲ್ಲ.

ಮೈಕಿನವನು "ಈಗ ಬೈಲಹೊಂಗಲದ ಸುವರ್ಣಾ ಆಂಟಿ!" ಎಂದು ಕೂಗಿದ. ಮೊದಲ ಓಟದಲ್ಲಿ ಎಲ್ಲ ಚೆಂದ, ಟಾಕಿಯ ತಿರುವಿನಲ್ಲಿ ಮಾತ್ರ ತಡವಾಗಿ ಬ್ರೇಕು ಹಿಡಿದು ಶಂಕುಗಳನ್ನು ಹಾರಿಸಿದಳು. ಎರಡನೆಯದರಲ್ಲೂ ಅದೇ ತಿರುವು, ಅದೇ ತಡ. ಈರಣ್ಣ ಗಾಳಿ ನೋಡಿದ, ಬ್ರೇಕು ನೋಡಿದ, ತಲೆ ಕೆರೆದುಕೊಂಡ. ಸುವರ್ಣಾ ಹೆಲ್ಮೆಟ್ ತೆಗೆದು ನೇರವಾಗಿ ನನ್ನ ಹತ್ತಿರ ಬಂದಳು.

"ಅಲ್ಲೆ ಯಾರೂ ಒದರವಲ್ರು."

"ಏನು?"

"ನೀವು ಒದರಿದಾಗ ನಾ ಬ್ರೇಕ್ ಹಿಡಿಯೂದ್ರಿ. ಇಷ್ಟ ವರ್ಷಾ ಅದ ನನ್ನ ಗುರುತು. ಆ ಕಲ್ಲು ಬಾಯಿ ಬಿಡಾಂಗಿಲ್ಲ. ಟಾಕಿ ಕಡೆ ಹೋಗಿ ನಿಂದರ್ರಿ."

ಅಷ್ಟು ವರ್ಷ ಕೇಳಿಸಿಯೇ ಇಲ್ಲ ಎಂದುಕೊಂಡಿದ್ದೆ.

ಹೋಗಿ ಮರಳುಚೀಲಗಳ ಹಿಂದೆ ನಿಂತೆ. ಸಾಕ್ಷಿಯಾಗಿ ಇದ್ದದ್ದನ್ನು ಇದ್ದಂತೆ ಹೇಳಬೇಕು: ಕಾರು ನನ್ನ ಕಡೆಗೆ ಬರುತ್ತಿದ್ದಾಗ, ಸುಮ್ಮನಿದ್ದರೆ ಸೀಟು ನನ್ನದು ಎಂಬ ವಿಚಾರ ನನ್ನ ತಲೆಯಲ್ಲಿ ಬಂದದ್ದು ನಿಜ. ಅದು ಪೂರ್ತಿಯಾಗುವುದರೊಳಗೆ ಕಾರು ಆ ಅಳತೆಗೆ ಬಂತು. "ಸುವರ್ಣಾ!" ಎಂದೆ. ಕಾರಿನ ಮೂತಿ ತಗ್ಗಿತು, ಎಡಕ್ಕೆ ತಿರುಗಿತು, ಒಳಗಿನ ಹಿಂದಿನ ಗಾಲಿ ನೆಲದಿಂದ ಒಂದು ಗೇಣು ಎದ್ದು, ತಿರುವು ಮುಗಿದಮೇಲೆ ಮೆಲ್ಲಗೆ ಕೂತುಕೊಂಡಿತು. ಒಂದು ಶಂಕುವೂ ಅಲುಗಲಿಲ್ಲ. ಸುವರ್ಣಾ ಮೂರನೆಯವಳಾಗಿ ಬಂದಳು.

"ಹೆಲ್ಮೆಟ್ಟಿನ್ಯಾಗ ಕೇಳಿಸ್ತೇನು?" ಎಂದು ಆಮೇಲೆ ಕೇಳಿದೆ.

"ಇಲ್ಲ. ಬಾಯಿ ತೆರದದ್ದು ಕಾಣಿಸ್ತು" ಎಂದಳು.

ಮರಳುವಾಗ ಅವಳ ಕಾರು ಮುಂದೆ. ಪಿಕಪ್ಪಿನ ಹಿಂಭಾಗದಲ್ಲಿ, ಹಗ್ಗ ಕಟ್ಟಿದ ನನ್ನ ಸೀಟಿನ ಮೇಲೆ, ನಾನು. ನನ್ನ ಉದ್ಯೋಗದವನು ಹಾಗೆ ಕೂರಬಾರದು. ಆದರೆ ಆ ದಿನ ನನಗೆ ಬೇರೆಲ್ಲಿಯೂ ಕೂರುವ ಮನಸ್ಸಿರಲಿಲ್ಲ. ಜೇಬಿನಲ್ಲಿ ಶೇಂಗಾ ಇತ್ತು. ಕ್ಯಾಬಿನ್ನಿನ ತಲೆಯ ಮೇಲಿಂದ ಅವಳ ಕಾರಿನ ಹಿಂದಿನ ಗಾಜು ಕಾಣುತ್ತಿತ್ತು. ಅದರೊಳಗೆ ಬಲಕ್ಕೆ ಅವಳ ತಲೆ. ಎಡಕ್ಕೆ, ನಾನಿರಬೇಕಾದಲ್ಲಿ, ಬರೀ ಸಂಜೆಯ ಬೆಳಕು. ಊರ ಹತ್ತಿರದ ತಿರುವು ಬಂತು. ನಾನು ಒದರಿದೆ.

ಅವಳಿಗೆ ಕೇಳಿಸಿರುವ ಸಾಧ್ಯತೆ ಇಲ್ಲ. ಆದರೆ ಪಿಕಪ್ಪು ಗಕ್ಕನೆ ನಿಂತಿತು. ಈರಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಾತ್ರೀ ಮಾಮಾ? ಏನ್ ಬಿತ್ತು?" ಎಂದ.

"ಏನೂ ಬಿದ್ದಿಲ್ಲೋ. ಮುಂದಿನ ಸುತ್ತಿಗೆ ದನಿ ಹದಾ ಮಾಡಾಕ ಹತ್ತೇನಿ. ನೀ ನಡಿ" ಎಂದೆ. ಅಷ್ಟರಲ್ಲಿ ಅವಳ ಕಾರು ತಿರುವು ದಾಟಿ ಕಾಣದಾಗಿತ್ತು.