ಮೈಸೂನಳ ಬೆಂಚು

ಆಲಿವ್ ಕೊಯ್ಲಿನ ಕಾಲಕ್ಕೇ ಪರೀಕ್ಷೆ ನೋಡಲು ಶಾಲಾ ಇನ್‌ಸ್ಪೆಕ್ಟರು ಬರಬೇಕೇ? ಗಲಿಲಾಯದ ಬೆಟ್ಟದೂರಿನ ಆ ಶಾಲೆಗೆ ಸರ್ಕಾರ ಒಂದು ಆಸೆ ತೋರಿಸಿತ್ತು. ಹತ್ತನೇ ತರಗತಿಯ ಮಕ್ಕಳು ಒಬ್ಬರೂ ತಪ್ಪದೆ ಪರೀಕ್ಷೆಗೆ ಕೂತರೆ ಮೇಷ್ಟ್ರುಗಳಿಗೆಲ್ಲ ಬೋನಸ್. ಒಬ್ಬರು ತಪ್ಪಿದರೂ ಯಾರಿಗೂ ಇಲ್ಲ. ಭೂಗೋಳದ ರುಶ್ದಿ ಮೇಷ್ಟ್ರ ಕೆಟ್ಟ ಕಾರು ರಂಜಾನ್‌ನಿಂದಲೂ ಇಟ್ಟಿಗೆಗಳ ಮೇಲೆ ಕೂತು ಆ ಬೋನಸ್ಸಿಗೇ ಕಾಯುತ್ತಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ನೋಡಿದರೆ ಹತ್ತನೇ ತರಗತಿಯ ಮೈಸೂನಳ ಬೆಂಚು ಖಾಲಿ.

"ನಿಮ್ಮ ಕ್ಲಾಸಿನ ಹುಡುಗಿ ಅಲ್ವೇನ್ರೀ? ಹೋಗಿ ಕರ್ಕೊಂಡು ಬನ್ನಿ," ಎಂದು ಹೆಡ್‌ಮಾಸ್ಟರ್ ನಾಯಿಫ್ ರುಶ್ದಿಯನ್ನು ಗದರಿದರು.

"ನಾನು ಆಗಲೇ ಸೋಫಾಗೆ ಮುಂಗಡ ಕೊಟ್ಟಾಗಿದೆ, ನೆನಪಿರಲಿ," ಎಂದರು ಗಣಿತದ ಸಿಹಾಮ್ ಟೀಚರ್.

ಕಾರಿಲ್ಲದ ರುಶ್ದಿ ಎದುರಿನ ದಿಣ್ಣೆಗೆ ಓಡಿದರು. ತೋಟದಲ್ಲಿ ಮೈಸೂನ್ ಏಣಿಯ ಮೇಲಿದ್ದಳು. ಅವಳ ಅಜ್ಜಿ ಉಮ್ ಗಾಝಿ ಕೆಳಗೆ ಕಾಯಿ ಆರಿಸುತ್ತಿದ್ದಳು.

"ಅಜ್ಜಿ, ಪರೀಕ್ಷೆ ಇದೆ. ಹುಡುಗೀನ ಕಳಿಸಿಕೊಡಿ."

"ಪರೀಕ್ಷೆ ಬರೋ ವರ್ಷಾನೂ ಬರತ್ತೆ ಮಗಾ. ಕಾಯಿ ಅಲ್ಲೀತನಕ ಮರದ ಮೇಲೆ ಕೂತಿರತ್ತಾ?"

"ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಅಜ್ಜಿ."

"ಸರಿ, ಇವಳ ಪಾಲಿನ ಮರ ಕೊಯ್ಯೋರು ಯಾರು?"

ಕೆಳಗೆ ಇನ್‌ಸ್ಪೆಕ್ಟರ ಬಿಳಿ ಕಾರು ಶಾಲೆಯ ಗೇಟಿನೊಳಗೆ ತಿರುಗಿತು. ರುಶ್ದಿ ಏಣಿಗೆ ಕೈ ಹಾಕಿದರು.

"ನಾನೇ ಕೊಯ್ತೀನಿ. ಸಂಜೆ ಬಂದು ನಾನೇ ಕೊಯ್ತೀನಿ."

"ಕೊಟ್ಟ ಮಾತು ಮಾತೇ ತಾನೇ?"

"ಮಾತೇ ಅಜ್ಜಿ, ಮಾತೇ."

ಹುಡುಗಿಯ ಕೈ ಹಿಡಿದು ಇಳಿಜಾರಿನಲ್ಲಿ ಎದ್ದು ಬಿದ್ದು ಓಡಿದರು. ಚಪ್ಪಲಿಯ ಉಂಗುಷ್ಠ ಕಿತ್ತುಬಂತು, ತಿರುಗಿ ನೋಡಲಿಲ್ಲ. ತರಗತಿಯ ಬಾಗಿಲು ದಬ್ಬಿ, ಏದುಸಿರಿನಲ್ಲೇ ಹೇಳಿದರು: "ಸಾರ್, ಮೈಸೂನ್ ಬಂದ್ಲು."

ಯಾರ ಮುಖದಲ್ಲೂ ಖುಷಿಯಿಲ್ಲ. ಹೆಡ್‌ಮಾಸ್ಟರ್ ಗೋಡೆಯ ಕಡೆ ತಿರುಗಿದರು. ಸಿಹಾಮ್ ಟೀಚರ್ ಕಣ್ಣು ಮುಚ್ಚಿಕೊಂಡರು.

ಇನ್‌ಸ್ಪೆಕ್ಟರು ಕನ್ನಡಕ ಸರಿಪಡಿಸಿಕೊಂಡರು. "ಮೈಸೂನ್ ಆಗಲೇ ಹಾಜರ್ ಅಂದಳಲ್ಲ? ಅಗೋ, ಆ ಬೆಂಚಿನಲ್ಲಿ ಕೂತಿದಾಳೆ."

"ನಾನು ಮೈಸೂನ್ ಸಾರ್," ಎಂದಳು ಮೈಸೂನ್, ತಲೆಗೂದಲಿನ ಎಲೆ ಕೊಡವುತ್ತ. "ಅವಳು ಒಂಬತ್ತನೇ ಕ್ಲಾಸು. ಹೆಡ್‌ಮಾಸ್ಟ್ರ ತಂಗಿ ಮಗಳು."

"ಹೆಡ್‌ಮಾಸ್ಟ್ರೇ, ಕೊಯ್ಲಿನ ಕಾಲದಲ್ಲಿ ಮಕ್ಕಳು ಕಡಿಮೆಯಾಗೋದು ಕಂಡಿದೀನಿ," ಎಂದರು ಇನ್‌ಸ್ಪೆಕ್ಟರು. "ಜಾಸ್ತಿಯಾಗಿದ್ದು ಇಲ್ಲೇ."

ಬೋನಸ್ಸಿಗೆ ಎಳ್ಳುನೀರು ಬಿಟ್ಟಂತಾಯಿತು. ಇನ್‌ಸ್ಪೆಕ್ಟರ ಕಾರು ಗೇಟು ದಾಟಿದ್ದೇ ತಡ, ಎಲ್ಲರೂ ರುಶ್ದಿಯ ಮೇಲೆ ಬಿದ್ದರು.

"ನೀವೇ ಅಲ್ವೇ ಸಾರ್ ಕರ್ಕೊಂಡು ಬನ್ನಿ ಅಂದಿದ್ದು?" ಎಂದು ರುಶ್ದಿ ಅಳುವ ದನಿಯಲ್ಲಿ ಕೇಳಿದರೆ, "ಕರ್ಕೊಂಡು ಬರ್ತೀರಿ ಅಂತ ಯಾರು ನಂಬಿದ್ರು?" ಎಂದರು ನಾಯಿಫ್.

"ಒಂದರ್ಧ ಗಂಟೆ ತಡ ಮಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದರು ಸಿಹಾಮ್ ಟೀಚರ್.

ಸಂಜೆ ರುಶ್ದಿ ಮೇಷ್ಟ್ರು ಬರಿಗಾಲಲ್ಲಿ ಏಣಿ ಹತ್ತಿದ್ದರು. ಕೆಳಗೆ ಚಾಪೆಯ ಮೇಲೆ ಕೂತು ಮೈಸೂನ್ ರೊಟ್ಟಿ ತಿನ್ನುತ್ತಿದ್ದಳು.

"ಪರೀಕ್ಷೆ ಚೆನ್ನಾಗಿ ಬರೆದೆ ಸಾರ್," ಎಂದಳು. "ಆ ಮೇಲಿನ ಕೊಂಬೆ ಬಿಟ್ರಿ ನೋಡಿ."