ತರಕರಡಿ ಕಾಟ, ತಲುಪಿಸಲಾಗಲಿಲ್ಲ

ಅಂಚೆಯಣ್ಣನಿಗೂ ಗುಡ್ಡದ ಮೇಲಿನ ಮನೆಗೂ ಜಗಳವೇನೂ ಇರಲಿಲ್ಲ. ಜಗಳವಿದ್ದದ್ದು ಆ ಮನೆಗೆ ಹತ್ತಬೇಕಾದ ನೂರಾ ಹನ್ನೆರಡು ಮೆಟ್ಟಿಲುಗಳ ಜೊತೆ. ಮೂರು ತಿಂಗಳ ಹಿಂದೆ ಯಾರೋ ಹಿರಿಯರು ಆ ಮನೆಗೆ ಬಾಡಿಗೆಗೆ ಬಂದದ್ದೇ ತಡ, ಅವರ ಹೆಸರಿಗೆ ಟಪಾಲು ಶುರುವಾಯಿತು. ಮೊದಲ ದಿನ ಅಂಚೆಯಣ್ಣ ಇಪ್ಪತ್ತನೆಯ ಮೆಟ್ಟಿಲಲ್ಲಿ ಕೂತ, ಮೊಣಕಾಲು ನೀವಿಕೊಂಡ, ಮೇಲೆ ನೋಡಿದ, ಇಳಿದುಬಿಟ್ಟ.

ಕೊಡದ ಕಾಗದದ ಮೇಲೆ ಕಾರಣ ಬರೆಯಬೇಕೆಂಬುದು ಕಚೇರಿಯ ನಿಯಮ. 'ನಾಯಿ ಕಾಟ' ಎಂದು ಬರೆದರೆ ಪೋಸ್ಟ್‌ಮಾಸ್ತರರು, "ಬಿಸ್ಕತ್ತು ಹಾಕಿ ಹೋಗಯ್ಯ" ಅಂದರು. 'ಹಾವು' ಎಂದರೆ, "ಕೋಲು ಬಡೀತಾ ಹೋಗು" ಅಂದರು. ಕೊನೆಗೆ ಕ್ಷೌರದಂಗಡಿಯ ಹಳೇ ಪತ್ರಿಕೆಯೊಂದರಲ್ಲಿ ಅವನಿಗೆ ಬೇಕಾದ ಪ್ರಾಣಿ ಸಿಕ್ಕಿತು. ತರಕರಡಿ! ನಾಯಿಯಷ್ಟು ಗಾತ್ರ, ಬೆನ್ನು ಬಿಳಿ, ಹೊಟ್ಟೆ ಕಪ್ಪು, ಬಿಲ ತೋಡುವುದರಲ್ಲಿ ನಿಸ್ಸೀಮ, ಸಿಂಹ ಎದುರು ನಿಂತರೂ ಹೆದರುವುದಿಲ್ಲವಂತೆ. ಇದಕ್ಕೆ ಬಿಸ್ಕತ್ತು ಹಾಕು ಅನ್ನಲಿ ನೋಡೋಣ ಎಂದುಕೊಂಡ. ಅಂದಿನಿಂದ ಪ್ರತಿ ಲಕೋಟೆಯ ಮೇಲೂ ದುಂಡಗೆ 'ತರಕರಡಿ ಕಾಟ, ತಲುಪಿಸಲಾಗಲಿಲ್ಲ' ಎಂದು ಬರೆದು ಸಹಿ ಹಾಕುವುದು, ಗುಡ್ಡದ ಬುಡದಲ್ಲಿದ್ದ ಭಾವಮೈದುನನ ಟೈಲರ್ ಅಂಗಡಿಯಲ್ಲಿ ಟಪಾಲು ಚೀಲವನ್ನೇ ತಲೆದಿಂಬು ಮಾಡಿಕೊಂಡು ಒಂದು ಗಂಟೆ ಗೊರಕೆ ಹೊಡೆಯುವುದು ನಡೆದುಕೊಂಡು ಬಂತು.

ಆ ದಿನ ಬೆಳಿಗ್ಗೆ ಪೋಸ್ಟ್‌ಮಾಸ್ತರರು ಕನ್ನಡಕ ಒರೆಸುತ್ತಾ ಕರೆದರು. "ಗುಡ್ಡದ ಮನೆದು ಇಪ್ಪತ್ತಮೂರು ಕಾಗದ ಬಾಕಿ ಬಿದ್ದಿದೆಯಲ್ಲಯ್ಯ. ಮೂರು ಗಂಟೆಗೆ ನಾನೂ ಬರ್ತೀನಿ. ನಿನ್ನ ತರಕರಡಿನ ನೋಡೇಬಿಡೋಣ."

"ಬೇಡಿ ಸಾರ್, ಅದು ಒಳ್ಳೇ ಪ್ರಾಣಿ ಅಲ್ಲ."

"ಅಲ್ಲಿ ಇಲ್ಲದೇ ಹೋದ್ರೆ ನಾನೂ ಒಳ್ಳೆಯವನಲ್ಲ. ಆ ಚೀಲ ಇಳಿಸಿಟ್ಟು ಮನೆಗೆ ಹೋಗ್ತೀಯ."

ಹನ್ನೆರಡು ವರ್ಷದಿಂದ ಅಂಚೆಯಣ್ಣ ಹಂಗಾಮಿ ನೌಕರ. ಖಾಯಂ ಮಾಡಿ ಎಂದು ಕೊಟ್ಟ ಅರ್ಜಿ ದೊಡ್ಡ ಕಚೇರಿಗೆ ಹೋಗಿ ಎರಡು ತಿಂಗಳಾಗಿತ್ತು. ಹೆಂಡತಿ ಆಗಲೇ ಬೀದಿಗೆಲ್ಲ ಸುದ್ದಿ ಹಂಚಿ ಮುಗಿಸಿದ್ದಳು. ಉತ್ತರ ಮಾತ್ರ ಬಂದಿರಲಿಲ್ಲ. "ಯಾವನೋ ಪುಣ್ಯಾತ್ಮ ನನ್ನ ಕಾಗದ ಅಡಿಗಿಟ್ಟುಕೊಂಡು ಹಾಯಾಗಿದ್ದಾನೆ" ಎಂದು ಅವನು ದಿನಾ ಶಪಿಸುತ್ತಿದ್ದ. ಈಗ ನೋಡಿದರೆ ಇದ್ದದ್ದಕ್ಕೂ ಕುತ್ತು.

ಟೈಲರ್ ಅಂಗಡಿಗೆ ಓಡಿ ಎಲ್ಲ ಹೇಳಿಕೊಂಡ. ಭಾವಮೈದುನ ಕತ್ತರಿ ಕೆಳಗಿಡದೆ ಕೇಳಿದ, "ಇಷ್ಟೇನಾ ಭಾವ? ಅಳತೆ ಹೇಳಿ."

"ಯಾರದ್ದೋ?"

"ತರಕರಡಿದು!"

ಕೋಟಿಗೆ ಕತ್ತರಿಸಿ ಉಳಿದ ಕರಿ ಬಟ್ಟೆ, ಬೆನ್ನಿಗೆ ಬಿಳಿ ಲೈನಿಂಗ್, ಹೊಟ್ಟೆಗೆ ಹಳೇ ದಿಂಬಿನ ಹತ್ತಿ. ಒಂದೂವರೆ ಗಂಟೆಯಲ್ಲಿ ಪ್ರಾಣಿ ತಯಾರು. ಕಣ್ಣಿಗೆ ಒಂದೇ ಬಣ್ಣದ ಎರಡು ಗುಂಡಿ ಸಿಗಲಿಲ್ಲವಾಗಿ ಒಂದು ಕಣ್ಣು ನೀಲಿಯಾಯಿತು. "ದೂರದಿಂದ ಯಾರಿಗೆ ಕಾಣುತ್ತೆ ಬಿಡಿ" ಎಂದ ಟೈಲರ್.

ಮಧ್ಯಾಹ್ನ ಇಬ್ಬರೂ ಐವತ್ತನೆಯ ಮೆಟ್ಟಿಲವರೆಗೆ ಏದುಸಿರು ಬಿಡುತ್ತಾ ಹತ್ತಿದರು. ಪಕ್ಕದ ಇಳಿಜಾರಿನಲ್ಲಿ ಅಂಚೆಯಣ್ಣ ಬಿಲದಂಥದ್ದೊಂದು ಗುಂಡಿ ತೋಡತೊಡಗಿದ. ನಾಲ್ಕು ಏಟಿಗೇ ಮಣ್ಣು ದಬಕ್ಕನೆ ಒಳಕ್ಕೆ ಕುಸಿದು ತೋಳುದ್ದದ ತೂತು ಬಾಯಿಬಿಟ್ಟಿತು. ನನ್ನ ಕೈಯಲ್ಲಿ ಇಷ್ಟು ಕಸುವಿತ್ತೇ ಎಂದು ಅವನಿಗೇ ಆಶ್ಚರ್ಯ. ಗೊಂಬೆಯ ಕೊರಳಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ಟೈಲರ್ ಪೊದೆಯ ಹಿಂದೆ ಕೂತ.

ಮೂರು ಗಂಟೆಗೆ ಪೋಸ್ಟ್‌ಮಾಸ್ತರರು ಬಂದರು. ಒಂದೊಂದೇ ಮೆಟ್ಟಿಲು ಎಣಿಸುತ್ತಾ ಹತ್ತಿದರು. ನಲವತ್ತೆಂಟಕ್ಕೆ ಬಂದಾಗ ಅಂಚೆಯಣ್ಣ ಜೋರಾಗಿ ಕೆಮ್ಮಿದ. ಪೊದೆ ಅಲುಗಿತು. ಕಪ್ಪು ಬಿಳಿ ಮೈಯೊಂದು ಹುಲ್ಲಿನ ಮೇಲೆ ಸರಸರ ಸರಿಯಿತು.

"ನೋಡಿ ಸಾರ್, ನೋಡಿ! ಅಲ್ಲೇ!"

ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. "ಅದ್ಯಾಕಯ್ಯ ಅಂಗಾತ ಬಿದ್ದುಕೊಂಡು ಹೋಗ್ತಿದೆ? ಕಾಲು ಮೇಲೆ ಕಾಣ್ತಿದೆ!"

"ಅದರ ನಡಿಗೆನೇ ಹಾಗೆ ಸಾರ್."

"ಒಂದು ಕಣ್ಣು ನೀಲಿ..." ಎನ್ನುತ್ತಾ ಮಾಸ್ತರರು ಹುಲ್ಲಿಗೆ ಕಾಲಿಟ್ಟರು. ಅಂಚೆಯಣ್ಣ ಕಣ್ಣು ಮುಚ್ಚಿಕೊಂಡ. ಹನ್ನೆರಡು ವರ್ಷದ ಚಾಕರಿ ಇಲ್ಲಿಗೆ ಮುಗಿಯಿತು ಅಂದುಕೊಂಡ.

ಅಷ್ಟರಲ್ಲಿ ಗುಂಡಿಯೊಳಗಿಂದ ಗುರ್ ಎಂಬ ಸದ್ದು ಬಂತು. ಅವನು ತೋಡಿದ್ದು ಗುಂಡಿಯನ್ನಲ್ಲ, ನಿಜವಾದ ತರಕರಡಿಯ ಮನೆಯ ಛಾವಣಿಯನ್ನು. ಮನೆಯ ಯಜಮಾನ ಹೊರಗೆ ಬಂದ. ಹಗಲು ನಿದ್ದೆ ಕೆಟ್ಟ ಸಿಟ್ಟು ಮುಖದಲ್ಲಿ ಎದ್ದು ಕಾಣುತ್ತಿತ್ತು. ಎದುರಿಗೆ ಸಿಕ್ಕ ಬಟ್ಟೆಯ ನೆಂಟನ ಕೊರಳು ಹಿಡಿದು ಕೊಡವಿದ. ಹತ್ತಿ ಹಾರಿತು. ಹಗ್ಗ ಪೊದೆಗೆ ಸಿಕ್ಕಿಕೊಂಡಿದೆ ಎಂದುಕೊಂಡ ಟೈಲರ್ ಇನ್ನೂ ಬಲವಾಗಿ ಎಳೆದ. ಎಳೆದಂತೆ ಎರಡೂ ಪ್ರಾಣಿಗಳು ಅವನ ಕಡೆಗೇ ಬಂದವು. ಆಮೇಲೆ ಕಂಡದ್ದು ಗುಡ್ಡದಿಂದ ಉರುಳುತ್ತಾ ಹೋದ ಟೈಲರ್ ಮಾತ್ರ.

"ಅಯ್ಯೋ, ಎರಡಿವೆ ಕಣಯ್ಯಾ!" ಎಂದು ಕೂಗಿದ ಮಾಸ್ತರರು ಉಳಿದ ಮೆಟ್ಟಿಲುಗಳನ್ನು ಎಣಿಸಲಿಲ್ಲ. ಅಂಚೆಯಣ್ಣನ ಮೊಣಕಾಲೂ ಆ ಹೊತ್ತಿಗೆ ನೋವನ್ನು ಮರೆತಿತ್ತು. ಇಬ್ಬರೂ ಮೇಲಿನ ಮನೆಗೆ ನುಗ್ಗಿದರು. ಹಿರಿಯರು ಗಾಬರಿಯಿಂದ ಅಗಳಿ ಹಾಕಿ, ಇಬ್ಬರಿಗೂ ನೀರು ಕೊಟ್ಟರು.

ಮಾಸ್ತರರು ನೀರು ಕುಡಿದು ಅಂಚೆಯಣ್ಣನ ಕೈ ಹಿಡಿದುಕೊಂಡರು. "ತಪ್ಪಾಯ್ತು ಕಣಯ್ಯ. ನಿನ್ನ ನಂಬಲಿಲ್ಲ. ಇಷ್ಟು ದಿನದಿಂದ ಪ್ರಾಣ ಕೈಯಲ್ಲಿ ಹಿಡಿದು ಬರ್ತಿದ್ದೆ ನೀನು. ನಿನ್ನ ಖಾಯಂಗೆ ನಾನೇ ಬರೀತೀನಿ."

"ಎಲ್ಲ ನಿಮ್ಮ ದಯೆ ಸಾರ್" ಎಂದ ಅಂಚೆಯಣ್ಣ. ಸುಳ್ಳು ತಾನಾಗಿ ನಿಜವಾದ ಖುಷಿಗೆ ಅವನ ಕಣ್ಣಲ್ಲಿ ನೀರೇ ಬಂತು. ಚೀಲ ಬಿಚ್ಚಿ ಇಪ್ಪತ್ತಮೂರು ಕಾಗದಗಳನ್ನೂ ಹಿರಿಯರ ಮುಂದೆ ಇಟ್ಟ.

ಹಿರಿಯರು ಅಡಿಯಲ್ಲಿದ್ದ, ತಲೆಯ ಎಣ್ಣೆ ಹತ್ತಿ ಸುಕ್ಕಾಗಿದ್ದ ಕಂದು ಲಕೋಟೆಯನ್ನು ಮೊದಲು ಒಡೆದರು. "ಓಹೋ, ಇದು ದೊಡ್ಡ ಕಚೇರಿದು. ನಾನು ಅಲ್ಲೇ ಇದ್ದು ನಿವೃತ್ತನಾದವನು ನೋಡಿ. ಹಂಗಾಮಿ ಅಂಚೆಯವರ ಅರ್ಜಿ ಬಂದ್ರೆ ಈಗಲೂ ನನ್ನ ಅಭಿಪ್ರಾಯ ಕೇಳ್ತಾರೆ. ನಿಮ್ಮ ಊರಿಂದೇ ಒಂದಿದೆ." ಹೆಸರು ಗಟ್ಟಿಯಾಗಿ ಓದಿ ತಲೆಯೆತ್ತಿದರು. "ನಿಮ್ಮದೇ ಏನ್ರಿ ಇದು?"

ಅಂಚೆಯಣ್ಣ ಎದ್ದು ಕೈಮುಗಿದ. "ಹೌದು ಸಾರ್. ಒಂದು ಸಹಿ ಹಾಕಿಬಿಟ್ರೆ..."

"ಹಾಕಬಹುದಿತ್ತು. ಕೊನೇ ದಿನ ಮೊನ್ನೆಗೆ ಮುಗೀತಲ್ಲ. ಉತ್ತರ ಬರದಿದ್ರೆ ಅರ್ಜಿ ವಜಾ ಅಂತ ಬರೆದಿದ್ದಾರೆ. ಮುಂದಿನ ಪಟ್ಟಿ ಐದು ವರ್ಷಕ್ಕೆ."

ಲಕೋಟೆಯ ಮೇಲೆ ಅವನದೇ ದುಂಡನೆಯ ಅಕ್ಷರವಿತ್ತು. ಕೆಳಗೆ ಸಹಿಯೂ ಇತ್ತು.

ಮಾಸ್ತರರು ಮರುಕದಿಂದ ಅವನ ಬೆನ್ನು ಸವರಿದರು. "ನಿನ್ನ ತಪ್ಪೇನಿದೆ ಬಿಡಯ್ಯ, ಎಲ್ಲ ಆ ಪ್ರಾಣಿದು. ಒಂದು ಮಾಡೋಣ. ಅದರ ಹತ್ತಿರ ಪಳಗಿದವನು ನೀನೊಬ್ಬನೇ. ಇನ್ಮೇಲೆ ಈ ಮನೆ ಟಪಾಲು ದಿನಾ ನೀನೇ ತಂದುಕೊಡು, ಬೇರೆಯವರನ್ನ ಕಳಿಸೋದಿಲ್ಲ."

ಅಂಚೆಯಣ್ಣ ಕಿಟಕಿಯಿಂದ ಕೆಳಗೆ ನೋಡಿದ. ಐವತ್ತನೆಯ ಮೆಟ್ಟಿಲ ಮೇಲೆ ತರಕರಡಿ ಹರಿದ ಗೊಂಬೆಗೆ ತಲೆಯಾನಿಸಿಕೊಂಡು ಮಲಗಿತ್ತು. ಇಳಿಯಲು ಇದ್ದದ್ದು ಅದೊಂದೇ ದಾರಿ.